ಹೃದಯದ ಹಗಲಿರುಳು

ಆರೋಗ್ಯಶಾಸ್ತ್ರದ ಪಾಠದಲ್ಲಿ "ಮನುಷ್ಯನ ನಾಡಿಯು ನಿಮಿಷಕ್ಕೆ ಎಷ್ಟು ಸಾರಿ ಬಡಿಯುವುದು?" ಎಂದು ಕೇಳಿದೊಡನೆ ತರಗತಿಯ ಹುಡುಗಿಯರೆಲ್ಲರೂ ಒಕ್ಕೊರಲಿನಿಂದ "72" ಎನ್ನುವರು. ಈ ಉತ್ತರವು ಸುಳ್ಳಲ್ಲ. ಆದರೆ ಒಂದು ಊರಿನ ಮಳೆಯ ವಿಚಾರವನ್ನು ಕೇಳಿದವರಿಗೆ, ವರ್ಷಕ್ಕೆ ಇಷ್ಟು ಅಂಗುಲವೆಂದು ಹೇಳಿ ಸುಮ್ಮನಾದರೆ ಹೇಗೋ ಇದೂ ಹಾಗೆಯೇ. ಆ ಮಳೆಯು ಯಾವ ತಿಂಗಳಲ್ಲಿ ಬಂದಿತು, ಬಿತ್ತನೆಗೆ ಒದಗಿತೋ, ಕೊಯ್ಲನ್ನು ಕೆಡಿಸಿತೋ ಎಂಬುದು ಆ ಒಂದು ಅಂಕೆಯಿಂದ ತಿಳಿಯುವುದಿಲ್ಲ. ನಾಡಿಯ ವಿಷಯದಲ್ಲಿಯೂ ಬಡಿತಗಳ ಮೊತ್ತಕ್ಕಿಂತ ಒಂದು ಬಡಿತಕ್ಕೂ ಮತ್ತೊಂದಕ್ಕೂ ನಡುವಣ ಬಿಡುವು ಹೇಗೆ ಬದಲಾಗುವುದು, ಆ ಬದಲಾವಣೆಯು ಹಗಲಿನಲ್ಲಿ ಹೇಗಿರುವುದು, ಇರುಳಿನಲ್ಲಿ ಹೇಗಿರುವುದು ಎಂಬುದು ಹೆಚ್ಚು ಸಂಗತಿಗಳನ್ನು ತಿಳಿಸುವುದೆಂದು ಈಚಿನ ವಿದ್ವಾಂಸರು ಕಂಡುಕೊಂಡಿರುವರು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯರಿದ್ದಾರೆ, ತಾಯಂದಿರಿದ್ದಾರೆ, ವೃದ್ಧರಾದ ತಂದೆತಾಯಿಗಳನ್ನು ನೋಡಿಕೊಳ್ಳುವವರಿದ್ದಾರೆ. ಅವರಿಗೆ ಈ ವಿಚಾರವು ಉಪಯುಕ್ತವಾದೀತೆಂದು ನಂಬಿ ಕೆಲವು ಮಾತುಗಳನ್ನು ಬರೆಯುತ್ತೇವೆ.

ನಮ್ಮ ದೇಶದ ಹಿಂದಿನ ವೈದ್ಯರು ನಾಡಿಯನ್ನು ಎಣಿಸುವುದಕ್ಕಿಂತಲೂ ಅದರ ನಡೆಯನ್ನು ನೋಡುತ್ತಿದ್ದರು. ಶಾರ್ಙ್ಗಧರ ಸಂಹಿತೆಯು ವಾತದ ನಾಡಿಯನ್ನು ಜಿಗಣೆ ಮತ್ತು ಹಾವಿನ ನಡೆಗೂ, ಪಿತ್ತದ ನಾಡಿಯನ್ನು ಕಾಗೆ, ಕಪ್ಪೆಗಳ ನಡೆಗೂ, ಕಫದ ನಾಡಿಯನ್ನು ಹಂಸ, ಪಾರಿವಾಳಗಳ ನಡೆಗೂ ಹೋಲಿಸುವುದು. ಈ ಹೋಲಿಕೆಗಳಿಂದ ರೋಗವನ್ನು ನಿರ್ಣಯಿಸಬಹುದೆಂದು ನಾವು ಹೇಳುವುದಿಲ್ಲ. ನಾಡಿಗೆ ವೇಗವಲ್ಲದೆ ಒಂದು ನಡೆಯೂ ಉಂಟೆಂಬ ಗ್ರಹಿಕೆಯು ಅದರಲ್ಲಿರುವುದನ್ನು ಮಾತ್ರ ಗಮನಿಸಬೇಕು. ಯೂರೋಪಿನಲ್ಲಿ ಎಣಿಕೆಯ ಮಾರ್ಗವು ಬೆಳೆಯಿತು. 17ನೆಯ ಶತಮಾನದ ಆರಂಭದಲ್ಲಿ ಸಾಂಟೋರಿಯೊ ಎಂಬ ಇಟಲಿಯ ವೈದ್ಯನು ಒಂದು ದಾರಕ್ಕೆ ಸೀಸದ ಗುಂಡನ್ನು ಕಟ್ಟಿ ತೂಗಬಿಟ್ಟು, ಅದರ ತೂಗಾಟವು ರೋಗಿಯ ನಾಡಿಗೆ ಸರಿಹೊಂದುವವರೆಗೆ ದಾರವನ್ನು ಗಿಡ್ಡ ಅಥವಾ ಉದ್ದ ಮಾಡುತ್ತಿದ್ದನು. ಆಗ ನಾಡಿಯ ಅಳತೆಯು ದಾರದ ಉದ್ದದಲ್ಲಿ ದೊರೆಯುತ್ತಿತ್ತು! 1707ರಲ್ಲಿ ಇಂಗ್ಲೆಂಡಿನ ಜಾನ್ ಫ್ಲಾಯರ್ ಎಂಬ ವೈದ್ಯನು ಸರಿಯಾಗಿ ಒಂದು ನಿಮಿಷ ಓಡಿ ನಿಲ್ಲುವ ಗಡಿಯಾರವನ್ನು ಮಾಡಿಸಿಕೊಂಡು, ನಾಡಿಯೆಣಿಕೆಯ ಮೇಲೆ ಪುಸ್ತಕವನ್ನೇ ಬರೆದನು. ಅಂದಿನಿಂದ ನಿಮಿಷಕ್ಕೆ ಇಷ್ಟು ಎಂಬ ಲೆಕ್ಕವು ನೆಲೆಗೊಂಡಿತು. ನಡೆಯ ವಿಚಾರವು ಹಿಂದೆ ಬಿದ್ದಿತು.

ಅದು ಮತ್ತೆ ಮುಂದೆ ಬಂದುದು ವಿದ್ಯುತ್ತಿನ ಸಹಾಯದಿಂದ. ಹಾಲೆಂಡಿನ ಐಂಥೋವನ್ ಎಂಬ ಪಂಡಿತನು ಹೃದಯದ ಸೂಕ್ಷ್ಮವಾದ ವಿದ್ಯುತ್ ಸಂಚಾರವನ್ನು ರೇಖೆಯಾಗಿ ಬರೆಯುವ ಯಂತ್ರವನ್ನು ರೂಪಿಸಿ, 1924ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಇಂದು ನಾವು ಇಸಿಜಿ ಎನ್ನುವುದು ಅದನ್ನೇ. ಆದರೆ ಅದು ಮಲಗಿರುವ ರೋಗಿಯ ಕೆಲವು ಕ್ಷಣಗಳ ಚಿತ್ರ. ಇಡೀ ದಿನದ ಚಿತ್ರ ಬೇಕೆಂದು ಹಂಬಲಿಸಿದವನು ಅಮೇರಿಕದ ಮೊಂಟಾನಾ ಸಂಸ್ಥಾನದ ನಾರ್ಮನ್ ಹೋಲ್ಟರ್. ಅವನು ವೈದ್ಯನಲ್ಲ, ಭೌತವಿಜ್ಞಾನಿ. 1940ರ ದಶಕದ ಕೊನೆಯಲ್ಲಿ ಅವನು ಸಿದ್ಧಪಡಿಸಿದ ಉಪಕರಣವನ್ನು ಬೆನ್ನಿಗೆ ಕಟ್ಟಿಕೊಳ್ಳಬೇಕಾಗಿತ್ತು; ಅದರ ತೂಕ ಸುಮಾರು 38 ಕಿಲೋ. ಒಂದು ಚೀಲ ಅಕ್ಕಿಯನ್ನು ಹೊತ್ತುಕೊಂಡವನ ಹೃದಯವು ಸಹಜವಾಗಿ ಬಡಿಯುವುದೆಂತು ಎಂದು ವಾಚಕರು ನಗಬಹುದು. ಅದು ಬರಬರುತ್ತ ಚಿಕ್ಕದಾಗಿ, 1961ರಲ್ಲಿ ಅವನು ತನ್ನ ವಿಧಾನವನ್ನು ಲೋಕಕ್ಕೆ ವಿವರವಾಗಿ ತಿಳಿಸುವ ವೇಳೆಗೆ ಜನರು ಅದನ್ನು ಧರಿಸಿಕೊಂಡು ತಮ್ಮ ಕೆಲಸಕಾರ್ಯಗಳನ್ನು ಮಾಡಬಹುದಾಗಿತ್ತು. ಈಗ ಆಸ್ಪತ್ರೆಗಳಲ್ಲಿ ಕೊರಳಿಗೋ ನಡುವಿಗೋ ತೊಡಿಸಿ ಕಳುಹಿಸುವ ಸಣ್ಣ ಪೆಟ್ಟಿಗೆಗೆ ಅವನ ಹೆಸರೇ ನಿಂತಿದೆ.

ಒಂದು ದಿನದಲ್ಲಿ ಹೃದಯವು ಸುಮಾರು 1 ಲಕ್ಷ ಸಾರಿ ಬಡಿಯುವುದು. ಈ ಲಕ್ಷ ಬಿಡುವುಗಳನ್ನು ಸಾಲಾಗಿ ಬರೆದು ನೋಡಿದರೆ, ಆರೋಗ್ಯವಂತರಲ್ಲಿ ಅವು ಒಂದರಂತೆ ಒಂದು ಇರುವುದಿಲ್ಲ. ಸುಮ್ಮನೆ ಕುಳಿತವಳ ನಾಡಿಯಲ್ಲಿಯೂ ಒಂದು ಬಿಡುವು 830 ಮಿಲಿಸೆಕೆಂಡು ಇದ್ದರೆ ಮುಂದಿನದು 870, ಅದರ ಮುಂದಿನದು 910, ಮತ್ತೆ 850, ಹೀಗೆ ಏರಿಳಿಯುತ್ತಿರುವುದು. ಮಿಲಿಸೆಕೆಂಡು ಎಂದರೆ ಸೆಕೆಂಡಿನ ಸಾವಿರದ ಒಂದು ಪಾಲು. ಇದಕ್ಕೆ ಯಂತ್ರವೇ ಬೇಕೆಂದಿಲ್ಲ. ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳುಗಳನ್ನಿಟ್ಟು ನಿಧಾನವಾಗಿ ದೀರ್ಘಶ್ವಾಸವನ್ನು ಎಳೆದುಕೊಂಡರೆ ಬಡಿತಗಳು ಹತ್ತಿರವಾಗುವುದೂ, ಶ್ವಾಸವನ್ನು ಬಿಟ್ಟರೆ ದೂರವಾಗುವುದೂ ಬೆರಳಿಗೇ ತಿಳಿಯುವುದು. ಮಕ್ಕಳಲ್ಲಿ ಇದು ಬಹು ಸ್ಪಷ್ಟ. ಮಗುವಿನ ನಾಡಿ ಹೀಗೆ ತಡವರಿಸುತ್ತಿದೆಯೆಂದು ಗಾಬರಿಯಾಗುವ ತಾಯಂದಿರುಂಟು. ಉಸಿರಿನೊಡನೆ ಕೂಡಿ ಬರುವ ಈ ಏರಿಳಿತವು ರೋಗವಲ್ಲ, ಆರೋಗ್ಯದ ಗುರುತು.

ಇದರ ಕಾರಣವನ್ನು ಸ್ವಲ್ಪ ವಿಚಾರಿಸೋಣ. ಹೃದಯದ ಬಲಗಡೆಯ ಮೇಲಿನ ಕೋಣೆಯ ಗೋಡೆಯಲ್ಲಿ ಬಡಿತವನ್ನು ಹುಟ್ಟಿಸುವ ಒಂದು ಸಣ್ಣ ಗಂಟು ಇದೆ. ಅದನ್ನು 1907ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲಾಕ್ ಎಂಬವರು ಕಂಡುಹಿಡಿದರು. ಯಾವ ನರದ ಅಪ್ಪಣೆಯೂ ಇಲ್ಲದೆ ಬಿಟ್ಟರೆ ಈ ಗಂಟು ಪ್ರಾಯದವರಲ್ಲಿ ನಿಮಿಷಕ್ಕೆ ಸುಮಾರು 100 ಸಾರಿ ಬಡಿಸುವುದು. ಬೇರೊಬ್ಬರ ಹೃದಯವನ್ನು ಕಸಿಮಾಡಿಸಿಕೊಂಡವರಲ್ಲಿ ನರಗಳು ಕತ್ತರಿಸಿರುವುದರಿಂದ, ನಾಡಿಯು ಇಂಥ ವೇಗದಲ್ಲಿ, ಏರಿಳಿತವಿಲ್ಲದೆ ಬಡಿಯುತ್ತಿರುವುದನ್ನು ವೈದ್ಯರು ಕಾಣುವರು. ಉಳಿದ ನಮ್ಮೆಲ್ಲರಲ್ಲಿ ಎರಡು ಬಗೆಯ ನರಗಳು ಆ ಗಂಟನ್ನು ಸದಾ ಆಳುತ್ತಿರುವುವು. ಒಂದು ಬಗೆಯವು ಕೆಲಸ, ಭಯ, ಕೋಪಗಳ ಕಾಲದಲ್ಲಿ ವೇಗವನ್ನು ಹೆಚ್ಚಿಸುವುವು. ಇನ್ನೊಂದು ಕಡಿವಾಣದಂತೆ ಹಿಡಿದೆಳೆಯುವ ವೇಗಸ್ ನರ. ಕನ್ನಡದ ಕಿವಿಗೆ ಈ ಹೆಸರು ಮೋಸಮಾಡುವುದು. ವೇಗವನ್ನು ತಗ್ಗಿಸುವುದೇ ಇದರ ಕೆಲಸ. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ಅಲೆಮಾರಿ ಎಂದರ್ಥ. ತಲೆಯಿಂದ ಹೊರಟು ಹೊಟ್ಟೆಯವರೆಗೆ ಅಲೆಯುವುದರಿಂದ ಅದಕ್ಕೆ ಆ ಹೆಸರು ಬಂದಿತು. ಆಸ್ಟ್ರಿಯಾ ದೇಶದ ಗ್ರಾಟ್ಸ್ ನಗರದಲ್ಲಿ ಆಟೋ ಲೋವಿ ಎಂಬ ಪಂಡಿತನು ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಕೆರಳಿಸಿ, ಆ ಹೃದಯವನ್ನು ತೊಯ್ಯಿಸಿದ್ದ ನೀರನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಲು, ಅದೂ ನಿಧಾನವಾಯಿತು. ನರವು ತನ್ನ ಅಪ್ಪಣೆಯನ್ನು ಒಂದು ರಾಸಾಯನಿಕ ದ್ರವ್ಯದ ಮೂಲಕ ಕಳುಹಿಸುವುದೆಂದು ಇದರಿಂದ ಸಿದ್ಧವಾಯಿತು. ಈ ಪ್ರಯೋಗವು ಅವನಿಗೆ ಕನಸಿನಲ್ಲಿ ಹೊಳೆಯಿತಂತೆ. ಮೊದಲ ರಾತ್ರಿ ಗೀಚಿಟ್ಟುದನ್ನು ಬೆಳಗ್ಗೆ ಓದಲಾರದೆ, ಮರುರಾತ್ರಿ ಅದೇ ಕನಸು ಬೀಳಲು ಎದ್ದು ನೇರವಾಗಿ ಪ್ರಯೋಗಶಾಲೆಗೆ ಹೋದನಂತೆ. ಫಲಿತಾಂಶವು 1921ರಲ್ಲಿ ಪ್ರಕಟವಾಯಿತು. 1936ರಲ್ಲಿ ಅವನಿಗೂ ನೊಬೆಲ್ ಪಾರಿತೋಷಕವು ಹೆನ್ರಿ ಡೇಲ್ ಎಂಬವನೊಡನೆ ದೊರೆಯಿತು.

ವೇಗಸ್ ನರದ ಅಪ್ಪಣೆಯು ಒಂದೆರಡು ಬಡಿತಗಳಲ್ಲಿಯೇ ಫಲಿಸುವುದು. ವೇಗ ಹೆಚ್ಚಿಸುವ ನರಗಳ ಅಪ್ಪಣೆಗೆ ಹಲವು ಸೆಕೆಂಡುಗಳು ಬೇಕು. ಇವುಗಳ ಜತೆಗೆ ಉಸಿರಾಟವು ಕೆಲವು ಸೆಕೆಂಡಿಗೊಮ್ಮೆ, ರಕ್ತದ ಒತ್ತಡದ ಅಲೆಯು ಸುಮಾರು 10 ಸೆಕೆಂಡಿಗೊಮ್ಮೆ, ನಿದ್ದೆಯ ಹಂತಗಳು ಸುಮಾರು ಒಂದೂವರೆ ಗಂಟೆಗೊಂದಾವರ್ತಿಯಂತೆ, ಹಗಲಿರುಳುಗಳು ದಿನಕ್ಕೊಮ್ಮೆ ಹೃದಯದ ಮೇಲೆ ತಮ್ಮ ಗುರುತನ್ನು ಹಾಕುತ್ತಿರುವುವು. ಸಣ್ಣ ಅಲೆಯ ಮೇಲೆ ದೊಡ್ಡ ಅಲೆ, ಅದರ ಮೇಲೆ ಇನ್ನೂ ದೊಡ್ಡ ಅಲೆ ಸೇರಿದಂತಾಗಿ, ಬಿಡುವುಗಳ ಸಾಲು ಬಹಳ ತೊಡಕಾದ ಒಂದು ಹೆಣಿಗೆಯಾಗುವುದು. ಇದನ್ನೇ ವಿದ್ವಾಂಸರು ಹೃದಯಗತಿಯ ಸಂಕೀರ್ಣತೆ ಎನ್ನುವರು.

ಸಂಕೀರ್ಣತೆ ಬೇರೆ, ಗೊಂದಲ ಬೇರೆ. ಈ ಭೇದವನ್ನು ತಿಳಿಯದಿದ್ದರೆ ಮುಂದಿನ ವಿಷಯವು ಅರ್ಥವಾಗಲಾರದು. ಒಂದನೆಯ ತರಗತಿಯ ಮಕ್ಕಳು ಮಗ್ಗಿ ಹೇಳುವುದನ್ನು ಕೇಳಿರಿ. ಎರಡೊಂದ್ಲ ಎರಡು ಎಂದೊಡನೆ ಮುಂದಿನದೇನೆಂದು ಎಲ್ಲರಿಗೂ ಗೊತ್ತು; ಅದರಲ್ಲಿ ಹೊಸದೇನೂ ಇಲ್ಲ. ಸಂತೆಯ ಗದ್ದಲವನ್ನು ದೂರದಿಂದ ಕೇಳಿರಿ. ಮುಂದೆ ಯಾವ ಶಬ್ದ ಬರುವುದೆಂದು ಯಾರೂ ಹೇಳಲಾರರು, ಬಂದ ಶಬ್ದಕ್ಕೂ ಹಿಂದಿನದಕ್ಕೂ ಸಂಬಂಧವೂ ಇಲ್ಲ. ಇನ್ನು ಅಜ್ಜಿಯು ಹೇಳುವ ಕಥೆ. ಮುಂದಿನ ಮಾತು ಏನೆಂದು ಮೊದಲೇ ತಿಳಿಯದು, ಆದರೆ ಬಂದ ಮೇಲೆ ಅದು ಹಿಂದಿನ ಮಾತಿಗೂ, ಕಥೆಯ ಆರಂಭಕ್ಕೂ ಹೊಂದಿಕೊಂಡಿರುವುದು. ಆರೋಗ್ಯವಂತ ಹೃದಯದ ನಡೆಯು ಅಜ್ಜಿಯ ಕಥೆಯ ಜಾತಿಯದು. ಈಗಿನ ಬಡಿತವು ನೂರು ಬಡಿತಗಳ ಹಿಂದೆ ನಡೆದುದರ ನೆನಪನ್ನು ಸ್ವಲ್ಪ ಇಟ್ಟುಕೊಂಡಿರುವುದು. ಹೃದಯವು ಬಹಳ ಬಲಗುಂದಿದಾಗ ನಡೆಯು ಮಗ್ಗಿಯ ಕಡೆಗೆ ತಿರುಗುವುದು. ಹೃದಯದ ಮೇಲಿನ ಕೋಣೆಗಳು ಕ್ರಮತಪ್ಪಿ ನಡುಗುವ ಏಟ್ರಿಯಲ್ ಫಿಬ್ರಿಲೇಷನ್ ಎಂಬ ರೋಗದಲ್ಲಿ ಅದು ಸಂತೆಯ ಗದ್ದಲವಾಗುವುದು. ಎರಡೂ ಕೇಡೇ. ಆದುದರಿಂದ ನಾಡಿ ಹೆಚ್ಚು ಏರುಪೇರಾದಷ್ಟೂ ಒಳ್ಳೆಯದೆಂದು ಯಾರೂ ತಿಳಿಯಬಾರದು.

ಈ ಭೇದವನ್ನು ಅಂಕೆಗಳಲ್ಲಿ ಹಿಡಿಯುವುದು ಸುಲಭವಾಗಿರಲಿಲ್ಲ. 1991ರಲ್ಲಿ ಸ್ಟೀವನ್ ಪಿಂಕಸ್ ಎಂಬ ಗಣಿತಜ್ಞನು ಒಂದು ಉಪಾಯವನ್ನು ಸೂಚಿಸಿದನು. 2000ದಲ್ಲಿ ರಿಚ್‌ಮನ್ ಮತ್ತು ಮೂರ್ಮನ್ ಅದನ್ನು ತಿದ್ದಿದರು. ಅದರ ಸಾರವಿಷ್ಟು: ಬಿಡುವುಗಳ ಸಾಲಿನಲ್ಲಿ ಒಂದರ ಬಳಿಕ ಒಂದು ಬಂದ ಎರಡು ಬಿಡುವುಗಳನ್ನು ತೆಗೆದುಕೊಳ್ಳಬೇಕು. ಹೆಚ್ಚುಕಡಿಮೆ ಅಂಥದೇ ಜೋಡಿಯು ಸಾಲಿನಲ್ಲಿ ಮತ್ತೆಲ್ಲೆಲ್ಲಿ ಇದೆಯೆಂದು ಹುಡುಕಬೇಕು. ಆ ಜೋಡಿಗಳ ಬಳಿಕ ಬಂದ ಮೂರನೆಯ ಬಿಡುವೂ ಹೋಲುವುದೇ ಎಂದು ನೋಡಬೇಕು. ಯಾವಾಗಲೂ ಹೋಲಿದರೆ ಅದು ಮಗ್ಗಿ. ಅಪರೂಪವಾಗಿ ಹೋಲಿದರೆ ಹೊಸತು ಹೆಚ್ಚು. ಈ ಅಳತೆಗೆ ಎಂಟ್ರೊಪಿ ಎಂದು ಹೆಸರು. ಆದರೆ ಇದೊಂದರಿಂದ ಸಂತೆಯ ಗದ್ದಲಕ್ಕೇ ಹೆಚ್ಚು ಅಂಕ ಸಿಕ್ಕುವುದಷ್ಟೆ! ಆಗ 2002ರಲ್ಲಿ ಬೋಸ್ಟನ್ ನಗರದ ಮೆಡಲೀನಾ ಕೋಸ್ಟಾ, ಆರಿ ಗೋಲ್ಡ್‌ಬರ್ಗರ್, ಪೆಂಗ್ ಎಂಬವರು ಇನ್ನೊಂದು ಹೆಜ್ಜೆಯನ್ನು ಸೇರಿಸಿದರು. ಬಿಡುವುಗಳನ್ನು ಎರಡೆರಡಾಗಿ, ಮೂರು ಮೂರಾಗಿ, ಹೀಗೆ 20ರವರೆಗೆ ಗುಂಪುಮಾಡಿ, ಪ್ರತಿ ಗುಂಪಿನ ಸರಾಸರಿಯನ್ನು ತೆಗೆದು, ಹೊಸ ಸಾಲಿಗೆ ಅದೇ ಪರೀಕ್ಷೆಯನ್ನು ಮಾಡಿದರು. ಗದ್ದಲದ ಸರಾಸರಿ ತೆಗೆದರೆ ಅದು ಬೇಗನೆ ಚಪ್ಪಟೆಯಾಗುವುದು. ಕಥೆಯು ಹತ್ತಿರದಿಂದ ನೋಡಿದರೂ ದೂರದಿಂದ ನೋಡಿದರೂ ಕಥೆಯಾಗಿಯೇ ಉಳಿಯುವುದು. ಆರೋಗ್ಯವಂತರ ಹೃದಯವು ಈ ಪರೀಕ್ಷೆಯಲ್ಲಿ ಮೇಲಾಗಿ ನಿಂತಿತು. ಮುಪ್ಪಿನಲ್ಲಿ ಈ ಸಂಕೀರ್ಣತೆಯು ಕ್ರಮೇಣ ಕುಗ್ಗುವುದೆಂಬುದನ್ನು ಲಿಪ್ಸಿಟ್ಜ್ ಮತ್ತು ಗೋಲ್ಡ್‌ಬರ್ಗರ್ 1992ರಲ್ಲಿಯೇ ವಿವರಿಸಿದ್ದರು.

ಇದು ಬರಿಯ ಗಣಿತ ವಿನೋದವಲ್ಲ. 1987ರಲ್ಲಿ ರಾಬರ್ಟ್ ಕ್ಲೈಗರ್ ಮತ್ತು ಅವನ ಜತೆಯವರು, ಒಮ್ಮೆ ಹೃದಯಾಘಾತವಾಗಿ ಬದುಕಿದ 808 ಮಂದಿಯ 24 ಗಂಟೆಗಳ ದಾಖಲೆಯನ್ನು ನೋಡಿದರು. ಬಿಡುವುಗಳ ಏರಿಳಿತದ ಒಂದು ಸರಳವಾದ ಅಳತೆಯು 50 ಮಿಲಿಸೆಕೆಂಡಿಗಿಂತ ಕಡಿಮೆಯಿದ್ದವರಲ್ಲಿ ಮರಣದ ಅಪಾಯವು, 100ಕ್ಕಿಂತ ಹೆಚ್ಚಿದ್ದವರಿಗಿಂತ 5 ಪಟ್ಟಿಗೂ ಮಿಗಿಲಾಗಿತ್ತು. ಇಷ್ಟು ಏಕರೀತಿಯಾದ ನಾಡಿಯನ್ನು ಬೆರಳಿನಿಂದ ನೋಡಿದವರು "ನಾಡಿ ಕ್ರಮವಾಗಿದೆ" ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದರೇನೋ!

ಈಗ ಹಗಲಿರುಳಿನ ವಿಚಾರಕ್ಕೆ ಬರುವೆವು. ರಾತ್ರಿ ಮಲಗಿದ ಬಳಿಕ ವೇಗಸ್ ನರದ ಹಿಡಿತವು ಬಲವಾಗಿ ಬಡಿತಗಳು ನಿಧಾನವಾಗುವುವು. ರಾತ್ರಿಯ ಮೊದಲ ಭಾಗದಲ್ಲಿ ಹೆಚ್ಚಾಗಿರುವ ಗಾಢನಿದ್ದೆಯಲ್ಲಿ ನಾಡಿಯು ಉಸಿರಿಗೆ ಹೊಂದಿಕೊಂಡು ಶಾಂತವಾಗಿರುವುದು. ಹಿಂದಿನ ಬಡಿತಗಳ ನೆನಪೂ ಬೇಗ ಅಳಿಯುವುದು. ಬೆಳಗಿನ ಜಾವದ ಕಡೆಗೆ ಕನಸಿನ ನಿದ್ದೆಯು ಹೆಚ್ಚಾಗಿ, ಕಣ್ಣು ಮುಚ್ಚಿರುವಾಗಲೇ ನಾಡಿಯು ಎಚ್ಚರದಲ್ಲಿದ್ದಂತೆ ಏರಿಳಿಯುವುದು. ಎದ್ದೊಡನೆ ವೇಗವು ಹೆಚ್ಚುವುದು. ಇವೆಲ್ಲಕ್ಕೂ ನಾವು ಮಲಗುವುದು, ಏಳುವುದು, ಓಡಾಡುವುದು ಇವೇ ಕಾರಣವೋ, ಅಥವಾ ಶರೀರದೊಳಗೆ ಬೇರೊಂದು ಗಡಿಯಾರವಿದೆಯೋ ಎಂಬುದು ಬಹುಕಾಲದ ಪ್ರಶ್ನೆಯಾಗಿತ್ತು.

1938ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ನಥಾನಿಯಲ್ ಕ್ಲೈಟ್‌ಮನ್ ಎಂಬ ಅಧ್ಯಾಪಕನು ಬ್ರೂಸ್ ರಿಚರ್ಡ್‌ಸನ್ ಎಂಬ ಶಿಷ್ಯನೊಡನೆ ಕೆಂಟಕಿ ಸಂಸ್ಥಾನದ ಮ್ಯಾಮತ್ ಗುಹೆಯೊಳಗೆ 32 ದಿವಸ ವಾಸಮಾಡಿದನು. ಅಲ್ಲಿ ಸೂರ್ಯನಿಲ್ಲ, ಚಳಿಬಿಸಿಲುಗಳ ಬದಲಾವಣೆಯೂ ಇಲ್ಲ. ಅವರು 28 ಗಂಟೆಗಳನ್ನು ಒಂದು ದಿನವೆಂದು ಎಣಿಸಿ, 19 ಗಂಟೆ ಎಚ್ಚರವಾಗಿದ್ದು 9 ಗಂಟೆ ಮಲಗಿದರು. ಹೊರಗಿನವರ ವಾರದ 7 ದಿನ ಇವರಿಗೆ ಸರಿಯಾಗಿ 6 ದಿನವಾಯಿತು. ಶಿಷ್ಯನ ಶರೀರವು ಹೊಸ ದಿನಚರಿಗೆ ಒಂದು ಮಟ್ಟಿಗೆ ಒಗ್ಗಿತು. ಗುರುವಿನ ದೇಹದ ಉಷ್ಣವು ಮಾತ್ರ ಹಟಹಿಡಿದು 24 ಗಂಟೆಗಳ ಲೆಕ್ಕದಲ್ಲಿಯೇ ಏರಿಳಿಯಿತು. ಈ ಗಡಿಯಾರವು ಮಿದುಳಿನಲ್ಲಿ ಕಣ್ಣಿನ ನರಗಳು ಒಂದನ್ನೊಂದು ದಾಟುವ ಸ್ಥಳದ ಮೇಲ್ಗಡೆ ಇರುವ ಎರಡು ಸಣ್ಣ ಗಂಟುಗಳೆಂದು 1972ರಲ್ಲಿ ಪ್ರಾಣಿಗಳ ಪರೀಕ್ಷೆಯಿಂದ ಗೊತ್ತಾಯಿತು.

ಕ್ಲೈಟ್‌ಮನ್ನನ 28 ಗಂಟೆಯ ಉಪಾಯವನ್ನೇ ಈಚಿನವರು ಪ್ರಯೋಗಶಾಲೆಯಲ್ಲಿ ಉಪಯೋಗಿಸುವರು. ಮಂದಬೆಳಕಿನ ಕೋಣೆಯಲ್ಲಿ ಜನರನ್ನಿಟ್ಟು 28 ಗಂಟೆಯ ದಿನಚರಿಯನ್ನು ನಡೆಸಿದರೆ, ನಿದ್ದೆ, ಊಟ, ಓಡಾಟಗಳು ಒಳಗಡಿಯಾರದ ಎಲ್ಲಾ ಹೊತ್ತಿನಲ್ಲಿಯೂ ಬಂದುಹೋಗುವುವು. ಹಾಗಾಗಿ ಯಾವುದು ನಡತೆಯ ಫಲ, ಯಾವುದು ಗಡಿಯಾರದ ಫಲ ಎಂದು ಬೇರ್ಪಡಿಸಬಹುದು. ಕುನ್ ಹು, ಇವಾನೋವ್, ಷೀ ಮುಂತಾದವರು ಹೀಗೆ ಮಾಡಿ, ಬಡಿತಗಳ ದೀರ್ಘಸಂಬಂಧವನ್ನು ತಿಳಿಸುವ ಒಂದು ಅಳತೆಯು ನಡತೆಯೇನೇ ಇದ್ದರೂ ದಿನಕ್ಕೊಮ್ಮೆ ಏರಿಳಿಯುವುದೆಂದೂ, ನಮ್ಮ ಲೆಕ್ಕದ ಬೆಳಗಿನ 10 ಗಂಟೆಯ ಸುಮಾರಿಗೆ ಶಿಖರಕ್ಕೆ ಮುಟ್ಟುವುದೆಂದೂ 2004ರಲ್ಲಿ ಪ್ರಕಟಿಸಿದರು. ಪರೀಕ್ಷೆಗೆ ಒಳಗಾದ ಆರೋಗ್ಯವಂತರು ಕೆಲವೇ ಮಂದಿ. ಇದರಿಂದ ರೋಗದ ಕಾರಣವೇ ಸಿಕ್ಕಿತೆಂದು ಹೇಳುವುದು ಆತುರವಾಗುವುದು. ಆದರೂ ಆ 10 ಗಂಟೆಯ ಮಾತು ಮನಸ್ಸಿನಲ್ಲಿ ನಿಲ್ಲತಕ್ಕದ್ದು.

ಏಕೆಂದರೆ ಹೃದಯಾಘಾತವು ದಿನದ ಎಲ್ಲಾ ಹೊತ್ತಿನಲ್ಲಿಯೂ ಒಂದೇ ಸಮನಾಗಿ ಬರುವುದಿಲ್ಲ. ಜೇಮ್ಸ್ ಮುಲ್ಲರ್ ಮತ್ತು ಸಂಗಡಿಗರು 2,999 ರೋಗಿಗಳ ವಿಚಾರವನ್ನು ಸಂಗ್ರಹಿಸಿ 1985ರಲ್ಲಿ ತೋರಿಸಿದಂತೆ, ಅದು ಬೆಳಗ್ಗೆ 6ರಿಂದ ನಡುಹಗಲಿನವರೆಗೆ ಹೆಚ್ಚು. ರಾತ್ರಿ 11 ಗಂಟೆಗಿಂತ ಬೆಳಗ್ಗೆ 9 ಗಂಟೆಗೆ ಸುಮಾರು 3 ಪಟ್ಟು. ಎದ್ದು ನಿಂತೊಡನೆ ರಕ್ತದ ಒತ್ತಡವು ಏರುವುದು, ಏಳುವ ಮೊದಲೇ ಕಾರ್ಟಿಸಾಲ್ ಎಂಬ ರಸವು ಹೆಚ್ಚುವುದು, ರಕ್ತದ ಕಿರುತಟ್ಟೆಗಳು ಒಂದಕ್ಕೊಂದು ಅಂಟಿಕೊಳ್ಳುವ ಗುಣವು ಬಲಿಯುವುದು, ಇವೆಲ್ಲವೂ ಅದೇ ಹೊತ್ತಿಗೆ ಕೂಡಿಬರುವುವು. ಇಲ್ಲಿ ನಾವು ಮನೆಯ ಹೆಂಗಸರನ್ನು ಕುರಿತು ಒಂದು ಮಾತನ್ನು ಹೇಳಲೇಬೇಕು. ಬೆಳಗಿನ ಆ ಗಂಟೆಗಳೇ ಅವರಿಗೆ ಬಿಡುವಿಲ್ಲದವು: ಒಲೆಯ ಮೇಲೆ ಅನ್ನ, ಮಕ್ಕಳ ಬುತ್ತಿ, ಗಂಡನ ಕಚೇರಿ, ಅತ್ತೆಯವರ ಕಾಫಿ. ಎದೆಯಲ್ಲಿ ಒತ್ತಿದಂತಾದರೆ "ವಾಯು ಇರಬೇಕು" ಎಂದು ಓಮದ ಕಷಾಯ ಕುಡಿದು ಕೆಲಸಕ್ಕೆ ನಿಲ್ಲುವರು. ಹೆಂಗಸರಲ್ಲಿ ಈ ರೋಗವು ಎದೆನೋವಿನ ಜತೆಗೆ, ಕೆಲವು ವೇಳೆ ಎದೆನೋವು ಅಷ್ಟಾಗಿ ಇಲ್ಲದೆಯೂ, ಉಸಿರುಕಟ್ಟುವಿಕೆ, ವಾಕರಿಕೆ, ಬೆನ್ನು ಅಥವಾ ದವಡೆಯ ನೋವು, ಹೇಳಲಾರದ ಆಯಾಸ ಇಂಥ ವೇಷಗಳಲ್ಲಿ ಬರುವುದುಂಟು. ಅಂಥ ಬೆಳಗ್ಗೆ ಅಡಿಗೆ ಕೆಟ್ಟರೂ ಕೆಡಲಿ, ಒಡನೆಯೇ ಆಸ್ಪತ್ರೆಗೆ ಹೋಗಬೇಕು. ಮುಚ್ಚಿಹೋದ ರಕ್ತನಾಳವನ್ನು ತೆರೆಯುವ ಚಿಕಿತ್ಸೆಯು ಮೊದಲ ಕೆಲವು ಗಂಟೆಗಳಲ್ಲಿ ಮಾಡಿದಷ್ಟು ಫಲವನ್ನು ಆಮೇಲೆ ಕೊಡದು.

ರಾತ್ರಿಪಾಳಿಯ ದಾದಿಯರ ಒಳಗಡಿಯಾರವು ಒಂದು ಹೊತ್ತನ್ನು ಹೇಳಿದರೆ ಕೆಲಸವು ಇನ್ನೊಂದನ್ನು ಹೇಳುವುದು. ಅಮೇರಿಕದಲ್ಲಿ 1,89,158 ದಾದಿಯರನ್ನು ಸುಮಾರು 24 ವರ್ಷ ಅನುಸರಿಸಿ 2016ರಲ್ಲಿ ಪ್ರಕಟಿಸಿದ ವರದಿಯಂತೆ, ಹಗಲುಪಾಳಿಯ ನಡುವೆ ತಿಂಗಳಿಗೆ ಮೂರು ರಾತ್ರಿಗಳಾದರೂ ದುಡಿಯುತ್ತ 10 ವರ್ಷಕ್ಕೆ ಮೇಲ್ಪಟ್ಟು ಕಳೆದವರಲ್ಲಿ ಹೃದಯರೋಗವು ಸ್ವಲ್ಪಮಟ್ಟಿಗೆ ಹೆಚ್ಚಾಗಿತ್ತು. ಹೆಚ್ಚಳವು ದೊಡ್ಡದಲ್ಲ, ಹೆದರಬೇಕಾದುದಿಲ್ಲ. ಆದರೆ ರಾತ್ರಿ ದುಡಿದು ಬಂದವಳನ್ನು ಹಗಲು ಮಲಗಗೊಡದೆ ಮನೆಗೆಲಸಕ್ಕೆ ಎಬ್ಬಿಸುವವರು ಈ ಅಂಕೆಯನ್ನು ಓದುವುದು ಒಳ್ಳೆಯದು.

ಹಾಸಿಗೆಯಿಂದ ಏಳುವ ಮೊದಲು, ಬೆಳಗ್ಗೆ 10ಕ್ಕೆ, ಸಂಜೆ, ಮಲಗುವಾಗ, ಹೀಗೆ ದಿನಕ್ಕೆ ನಾಲ್ಕು ಸಾರಿ ಒಂದು ಪೂರ್ತಿ ನಿಮಿಷ ನಾಡಿಯನ್ನು ಎಣಿಸಿ ಒಂದು ವಾರ ಬರೆದಿಟ್ಟರೆ, ತಮ್ಮ ಹಗಲಿರುಳಿನ ರೇಖೆಯನ್ನು ಹುಡುಗಿಯರು ತಾವೇ ಎಳೆಯಬಹುದು. ಈಗಿನ ಕೈಗಡಿಯಾರಗಳು ಇದನ್ನು ತಾವೇ ಬರೆದುಕೊಂಡು, ಏರಿಳಿತದ ಅಂಕವನ್ನೂ ತೋರಿಸುವುವು. ಆ ಅಂಕವು ವಯಸ್ಸು, ನಿದ್ದೆ, ಉಸಿರು, ಹೊತ್ತು ಇವುಗಳಿಂದ ಬದಲಾಗುವುದರಿಂದ, ಪಕ್ಕದ ಮನೆಯವರ ಅಂಕದೊಡನೆ ಹೋಲಿಸಿ ಕೊರಗುವುದು ವ್ಯರ್ಥ.

ಕಡೆಗೆ ಹಸುಗೂಸುಗಳ ಮಾತು. 1963ರಲ್ಲಿ ಎಡ್ವರ್ಡ್ ಹಾನ್ ಮತ್ತು ಲೀ ಎಂಬವರು, ಗರ್ಭದಲ್ಲಿರುವ ಶಿಶುವಿಗೆ ಕಷ್ಟ ಒದಗುವಾಗ ನಾಡಿಯ ವೇಗವು ಬದಲಾಗುವ ಮೊದಲೇ ಬಿಡುವುಗಳ ಏರಿಳಿತವು ಬದಲಾಗುವುದನ್ನು ಗಮನಿಸಿದರು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳ ರಕ್ತಕ್ಕೆ ನಂಜು ಏರುವ ಮುನ್ನವೂ ಹಾಗೆಯೇ ನಾಡಿಯು ಚಪ್ಪಟೆಯಾಗಿ, ನಡುನಡುವೆ ಕುಸಿಯುವುದೆಂದು ಮೇಲೆ ಹೇಳಿದ ಮೂರ್ಮನ್ ಕಂಡನು. ಅವನೂ ಅವನ ಜತೆಯವರೂ ಅಮೇರಿಕದ ಆಸ್ಪತ್ರೆಗಳಲ್ಲಿ ಬಹು ಕಡಿಮೆ ತೂಕದ 3,003 ಕೂಸುಗಳನ್ನು ಎರಡು ಗುಂಪುಮಾಡಿ, ಒಂದು ಗುಂಪಿನ ನಾಡಿಯ ನಡೆಯನ್ನು ಅಳೆದ ಅಂಕವನ್ನು ವೈದ್ಯರಿಗೂ ದಾದಿಯರಿಗೂ ತೋರಿಸಿದರು. ಇನ್ನೊಂದು ಗುಂಪಿನದನ್ನು ತೋರಿಸಲಿಲ್ಲ. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತೋರಿಸದ ಗುಂಪಿನಲ್ಲಿ ನೂರಕ್ಕೆ 10.2 ಕೂಸುಗಳೂ, ತೋರಿಸಿದ ಗುಂಪಿನಲ್ಲಿ 8.1 ಕೂಸುಗಳೂ ತೀರಿಕೊಂಡವು. ಗುಂಪುಗಳ ನಡುವೆ ಯೋಜಿಸಿದ ವ್ಯತ್ಯಾಸವು ಆ ಒಂದು ಅಂಕವನ್ನು ತೋರಿಸಿದುದಷ್ಟೇ.

ಗರ್ಭದಲ್ಲಿರುವಾಗ ಶಿಶುವಿನ ಹೃದಯವೂ ಹಗಲಿರುಳನ್ನು ಅನುಸರಿಸುವುದು. ಆದರೆ ಅದು ತಾಯಿಯ ಹಗಲಿರುಳು. ಹುಟ್ಟಿದೊಡನೆ ಆ ಆಸರೆ ತಪ್ಪುವುದು. ಕೂಸಿಗೆ ತನ್ನದೇ ಆದ ದಿನಮಾನವು ಮೂಡುವುದಕ್ಕೆ ಎರಡು ಮೂರು ತಿಂಗಳು ಬೇಕಾಗುವುದು. ಆ ತನಕ ನಡುರಾತ್ರಿಯೂ ನಡುಹಗಲೂ ಅದಕ್ಕೆ ಹೆಚ್ಚುಕಡಿಮೆ ಒಂದೇ; ಬಾಣಂತಿಯ ಕೋಣೆಯಲ್ಲಿ ಹಗಲು ಬೆಳಕು ಬರುವಂತೆಯೂ ರಾತ್ರಿ ದೀಪ ಮಂದವಾಗಿರುವಂತೆಯೂ ನೋಡಿಕೊಂಡರೆ ಅದು ಹೊತ್ತನ್ನು ಕಲಿಯುವುದಕ್ಕೆ ಸಹಾಯವಾಗುವುದು.